ಟ್ಯಾಂಕಿನ ಮುಚ್ಚಳಕ್ಕೆ ಮೆತ್ತಿದ ಗಂಧ

ತಮ್ಮನ ಹೆಂಡತಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸುತ್ತಿಬಳಸಿ ಹೇಳುವುದೇಕೆ? ಅವಳು ಒಳ್ಳೆಯವಳು, ಕಷ್ಟ ಇರುವುದೇ ಅಲ್ಲಿ.

ಕಾಟಿಪಳ್ಳದ ಮನೆಯಲ್ಲಿ ಅಪ್ಪನ ಹಳೆಯ ಟ್ರಾಕ್ಟರ್ ಇದೆ. ಪೆಟ್ರೋಲಿನದು, ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿ ಸ್ಟಾರ್ಟ್ ಮಾಡುವಂಥದ್ದು. ಪಣಂಬೂರಿನಲ್ಲಿದ್ದ ನಮ್ಮ ಗದ್ದೆಗಳೆಲ್ಲ ಬಂದರು ಕಟ್ಟಲೆಂದು ಸರ್ಕಾರದ ಪಾಲಾಗಿ ಇಲ್ಲಿಗೆ ಬಂದಾಗ ಅಜ್ಜ ಹಟ ಹಿಡಿದು ಜೊತೆಗೆ ತಂದದ್ದು. ಅದರ ಮಡ್‌ಗಾರ್ಡ್ ನನ್ನ ಜಾಗ. ಅಪ್ಪ ಓಡಿಸುವಾಗ ನಾನು ಅಲ್ಲಿ ಕೂತಿರುತ್ತಿದ್ದೆ. ಆ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸದು. ಅಪ್ಪ ನನ್ನ ಕಿವಿಯ ಹತ್ತಿರ ಬಾಗಿ, ಈ ಸದ್ದು ಯಾಕೆ, ಆ ಹೊಗೆ ಯಾಕೆ ಎಂದು ಹೇಳುತ್ತಿದ್ದರು. ಮನೆಯಲ್ಲಿ ಬೇರೆ ಯಾರಿಗೂ ಅವರು ಅದನ್ನೆಲ್ಲ ಹೇಳಿದವರಲ್ಲ.

ಈಗ ಅಪ್ಪನ ಕೈ ನಡುಗುತ್ತದೆ, ಹೇಳಿಕೊಡುವುದೆಲ್ಲ ಸೊಸೆಗೆ. ನಾನು ಮದುವೆಯಾಗಿ ಪೇಟೆಯಲ್ಲಿ, ಬಲ್ಮಠದಲ್ಲಿದ್ದೇನೆ, ಅವಳು ಆ ಮನೆಯಲ್ಲೇ ಇದ್ದಾಳೆ, ನ್ಯಾಯವಾಗಿ ನೋಡಿದರೆ ಸರಿಯೇ. ನನ್ನ ಹೊಟ್ಟೆ ನ್ಯಾಯ ಕೇಳುವುದಿಲ್ಲ. ಅವಳು ದಾವಣಗೆರೆ ಕಡೆಯವಳು, ತುಳು ಅರ್ಧಂಬರ್ಧ. ಜೀವಮಾನವಿಡೀ ಮನೆಯೊಳಗೆ ತುಳು ಬಿಟ್ಟು ಬೇರೆ ಮಾತಾಡದ ಅಪ್ಪ ಅವಳಿಗೋಸ್ಕರ ಕನ್ನಡಕ್ಕೆ ತಿರುಗಿದ್ದಾರೆ. ನನಗೋಸ್ಕರ ಅವರು ಒಂದು ಅಭ್ಯಾಸವನ್ನೂ ಬದಲಿಸಿದ ನೆನಪಿಲ್ಲ.

ಕಳೆದ ಆಯುಧಪೂಜೆಯಂದು ಅಪ್ಪ ಗಂಧದ ಬಟ್ಟಲನ್ನು ಅವಳ ಕೈಗೆ ಕೊಟ್ಟರು. ಬಾನೆಟ್ಟಿನ ಮೇಲೆ ಎದ್ದು ಕಾಣುವ ಪೆಟ್ರೋಲ್ ಟ್ಯಾಂಕಿನ ಮುಚ್ಚಳವೇ ನಮ್ಮ ಮನೆಯವರ ಪ್ರಕಾರ ಟ್ರಾಕ್ಟರಿನ ಹಣೆ. ಅಲ್ಲಿ, ಬದಿಗೆ, ಅಪ್ಪ ಪ್ರತಿ ವರ್ಷ ಒಂದು ಚಿಕ್ಕ ಬೊಟ್ಟು ಇಡುತ್ತಿದ್ದರು. ಬಟ್ಟಲನ್ನು ಅವಳ ಕೈಯಿಂದ ಹೆಚ್ಚುಕಡಿಮೆ ಕಿತ್ತುಕೊಂಡೆ. ಮುಚ್ಚಳದ ತುಂಬ ಗಂಧ ಮೆತ್ತಿ, ಕುಂಕುಮ ಒತ್ತಿ, ಮೇಲೊಂದು ಸೇವಂತಿಗೆ ಅಂಟಿಸಿದೆ. ಇದು ಮಗಳು ಮಾಡಿದ್ದು ಎಂದು ನೋಡಿದವರಿಗೆ ಗೊತ್ತಾಗಬೇಕಿತ್ತು.

ಮರುದಿನದಿಂದ ಟ್ರಾಕ್ಟರಿನ ರಗಳೆ ಶುರುವಾಯಿತು. ಸ್ಟಾರ್ಟ್ ಆಗುತ್ತದೆ, ಓಣಿಯ ತುದಿಯವರೆಗೆ ಹೋಗುತ್ತದೆ, ಕೆಮ್ಮಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗದಂತೆ ಮತ್ತೆ ಸ್ಟಾರ್ಟ್. ಮುಂದಿನ ಭಾನುವಾರ ಪೇಟೆಯಲ್ಲಿ ಹಳೆಯ ವಾಹನಗಳ ಮೆರವಣಿಗೆಯಿತ್ತು. ಇದನ್ನು ಯಾರು ಸರಿಮಾಡುತ್ತಾರೋ ಅವರೇ ಓಡಿಸಲಿ ಎಂದು ಅಪ್ಪ ನಮ್ಮಿಬ್ಬರಿಗೂ ಹೇಳಿಬಿಟ್ಟರು. ಆ ಸೀಟು ನನಗೆ ಬೇಕೇ ಬೇಕಿತ್ತು.

ಶನಿವಾರ ನಾನು ಹೋಗುವಷ್ಟರಲ್ಲಿ ಅವಳು ಪ್ಲಗ್ ಬಿಚ್ಚಿ, ವಯರಿಗೆ ಸಿಕ್ಕಿಸಿ, ಎಂಜಿನ್ನಿಗೆ ಒರಗಿಸಿ ಇಟ್ಟಿದ್ದಳು. ತಮ್ಮ ಹ್ಯಾಂಡಲ್ ತಿರುಗಿಸಿದ. ನೀಲಿ ಕಿಡಿ ಚಟ್ ಎಂದಿತು.

"ಮಾವ, ಸ್ಪಾರ್ಕ್ ಉಂಟು" ಎಂದಳು. ನಮ್ಮ "ಉಂಟು" ಕೂಡ ಅವಳ ಬಾಯಿಗೆ ಬಂದಾಗಿದೆ.

ನಾನು ಸುಮ್ಮನಿರಲಿಲ್ಲ. ಮ್ಯಾಗ್ನೆಟೋ ತಣ್ಣಗಿರುವಾಗ ಕಿಡಿ ಕೊಡುತ್ತದೆ, ಬಿಸಿಯಾದ ಮೇಲೆ ಕೈಕೊಡುತ್ತದೆ ಎಂದು ವಾದಿಸಿದೆ. ಹಿಂದೊಮ್ಮೆ ಅಪ್ಪನೇ ನನ್ನ ಕಿವಿಯಲ್ಲಿ ಹೇಳಿದ್ದ ಮಾತು. ಅವಳು ಪ್ಲಗ್ ಮತ್ತೆ ಹಾಕಿ ಎಂಜಿನ್ ಓಡಿಸಿ, ಅದು ನಿಂತ ಕೂಡಲೇ ಬಟ್ಟೆ ಹಿಡಿದು ಸುಡುವ ಪ್ಲಗ್ಗನ್ನೇ ಬಿಚ್ಚಿ ನೋಡಿದಳು. ಕಿಡಿ ಮೊದಲಿನಷ್ಟೇ ನೀಲಿ. ನನ್ನ ಮುಖ ಸಣ್ಣಗಾಯಿತು.

ಆಮೇಲೆ ಕಾರ್ಬುರೇಟರಿನ ಕೆಳಗಿನ ನಟ್ ಸಡಿಲಿಸಿದಳು. ಪೆಟ್ರೋಲ್ ನಾಲ್ಕು ಹನಿ ಬಿದ್ದು ನಿಂತಿತು. ಫಿಲ್ಟರ್ ಬಿಚ್ಚಿ ನೋಡಿದರೆ ಕಸವೇ ಇಲ್ಲ.

"ಅಕ್ಕ, ಟ್ಯಾಂಕಲ್ಲಿ ಪೆಟ್ರೋಲ್ ಎಷ್ಟುಂಟು ನೋಡ್ತೀರಾ?"

ಮುಚ್ಚಳ ತಿರುಗಿಸಿದೆ. ಸುಯ್ ಎಂದು ಗಾಳಿ ಒಳಗೆ ನುಗ್ಗಿತು. ಕೆಳಗೆ ಸಡಿಲಿಸಿದ ನಟ್ಟಿನಿಂದ ಪೆಟ್ರೋಲ್ ಧಾರೆಯಾಗಿ ಸುರಿಯತೊಡಗಿತು. ಮುಚ್ಚಳದ ನಡುವೆ ಗಾಳಿಯಾಡಲು ಒಂದು ಸಣ್ಣ ತೂತು ಇರುತ್ತದೆ. ಪೆಟ್ರೋಲ್ ಇಳಿದ ಹಾಗೆ ಅಲ್ಲಿಂದ ಗಾಳಿ ಒಳಗೆ ಹೋಗದಿದ್ದರೆ ಅದು ಕೆಳಗಿಳಿಯುವುದಿಲ್ಲ. ಆ ತೂತಿನ ಮೇಲೆ ನನ್ನ ಗಂಧ ಒಣಗಿ ಸಿಮೆಂಟಿನಂತೆ ಕೂತಿತ್ತು.

"ಮಾವ, ಅಕ್ಕ ಕಂಡುಹಿಡಿದ್ರು" ಎಂದಳು ಅವಳು. ಈ ದೊಡ್ಡತನವನ್ನಾದರೂ ಅವಳು ನನಗೆ ಬಿಟ್ಟುಕೊಡಬಾರದಿತ್ತೇ?

ಅಪ್ಪ ಮುಚ್ಚಳವನ್ನು ಕೈಗೆ ತೆಗೆದುಕೊಂಡು ನೋಡಿ ನಕ್ಕರು. "ಮುಚ್ಚಿದವಳೂ ನೀನೇ, ಬಿಚ್ಚಿದವಳೂ ನೀನೇ. ಇನ್ನು ಓಡಿಸುವವಳೂ ನೀನೇ ಮಾರಾಯ್ತಿ" ಎಂದರು. ಅದನ್ನೂ ಕನ್ನಡದಲ್ಲಿ ಹೇಳಿದರು, ಅವಳಿಗೆ ತಿಳಿಯಲೆಂದು.

ಗಂಧ ಕೆರೆದು, ಸೇಫ್ಟಿ ಪಿನ್ನಿನಿಂದ ತೂತು ಬಿಡಿಸಿದೆ. ಭಾನುವಾರ ಟ್ರಾಕ್ಟರ್ ಎಲ್ಲೂ ನಿಲ್ಲಲಿಲ್ಲ. ಸೀಟಿನಲ್ಲಿ ನಾನಿದ್ದೆ. ಅಪ್ಪನಿಗೆ ಮಡ್‌ಗಾರ್ಡ್ ಹತ್ತಲಾಗದು, ಹಿಂದೆ ಟ್ರೇಲರಿನಲ್ಲಿ ಕುರ್ಚಿ ಹಾಕಿದ್ದೆವು. ಅವರನ್ನು ಹಿಡಿದುಕೊಳ್ಳಲು ಅವಳು ಪಕ್ಕದಲ್ಲಿ ಕೂತಿದ್ದಳು. ರಸ್ತೆ ಬದಿಯ ಜನ ನನ್ನತ್ತ ಕೈಬೀಸಿದರು, ಫೋಟೋ ತೆಗೆದರು.

ಬಲ್ಮಠದ ಹತ್ತಿರ ಮೆರವಣಿಗೆ ಸ್ವಲ್ಪ ನಿಂತಾಗ ತಿರುಗಿ ನೋಡಿದೆ. ಅಪ್ಪ ಅವಳ ಕಿವಿಯ ಹತ್ತಿರ ಬಾಗಿ ಏನೋ ಹೇಳುತ್ತಿದ್ದರು. ಅವಳು ಎಂಜಿನ್ನಿನ ಕಡೆ ನೋಡುತ್ತ ತಲೆಯಾಡಿಸುತ್ತಿದ್ದಳು. ನಾನು ಕೂತಲ್ಲಿಗೆ ಒಂದು ಮಾತೂ ಕೇಳಿಸಲಿಲ್ಲ.