ಸರ್ಕಾರ ಕೇಳದ ಸಹಿ

ಗಂಡನ ಸಹಿ ತರಬೇಕೆಂದು ಸರ್ಕಾರ ಕೇಳಿರಲಿಲ್ಲ, ಮಂಗಳಾ. ಕೇಳಿದವನು ನಾನು. ಹೆಣ್ಣಿಗೆ ಹದಿನೆಂಟು ತುಂಬಿದ್ದರೆ ಗರ್ಭ ತೆಗೆಸಲು ಅವಳೊಬ್ಬಳ ಒಪ್ಪಿಗೆ ಸಾಕು ಎನ್ನುತ್ತದೆ ಕಾನೂನು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿದೆ.

ಆಗ ನಾನು ಒಂದು ಸರ್ಕಾರಿ ಆಸ್ಪತ್ರೆಯ ಹೆಡ್ ಕ್ಲರ್ಕು. ಪಾರ್ಲಿಮೆಂಟು ದೆಹಲಿಯಲ್ಲಿದೆ ಎಂಬುದು ಜನರ ತಪ್ಪು ತಿಳಿವಳಿಕೆ. ಅದರ ಪೂರ್ಣಾಧಿಕಾರದ ಶಾಖೆಯೊಂದು ನನ್ನ ಕಿಟಕಿಯ ಹಿಂದೆ, ಕಾಲು ಅಲ್ಲಾಡುವ ಕುರ್ಚಿಯ ಮೇಲೆ, ಎಲೆ-ಅಡಿಕೆ ಜಗಿಯುತ್ತ ಕೂತಿರುತ್ತಿತ್ತು.

ನೀನು ಬೇಗೂರು ಕಡೆಯ ಬಸ್ಸಿನಲ್ಲಿ ಒಬ್ಬಳೇ ಬಂದಿದ್ದೆ. ಎರಡು ಹೆಣ್ಣುಮಕ್ಕಳ ತಾಯಿ. ಬಸುರು ತಡೆಯುವ ವಂಕಿ ಹಾಕಿಸಿಕೊಂಡಿದ್ದರೂ ಮತ್ತೆ ಬಸುರಾಗಿದ್ದೆ. ಲೇಡಿ ಡಾಕ್ಟರು ನೋಡಿ, ನಾಳೆ ಬಾ ಎಂದು ಚೀಟಿ ಬರೆದುಕೊಟ್ಟು, ಮೀಟಿಂಗಿಗೆಂದು ಚಾಮರಾಜನಗರಕ್ಕೆ ಹೋದರು. ಚೀಟಿ ನನ್ನ ಕಿಟಕಿಗೆ ಬಂತು. ಮುಖ ನೋಡಿದೆ—ನಮ್ಮೂರಿನ ಸೊಸೆ!

"ಗಂಡನ ಸೈನು ಎಲ್ಲಮ್ಮಿ?"

"ಅವ್ರು ವಯನಾಡ್ಗೆ ಶುಂಠಿ ಕೆಲ್ಸಕ್ಕೋಗವ್ರೆ ಕಣಣ್ಣ. ಡಾಕ್ಟ್ರಮ್ಮ ಸೈನು ಬ್ಯಾಡ ಅಂದ್ರು. ಬದನಗುಪ್ಪೆ ಫ್ಯಾಕ್ಟ್ರೀಲಿ ಕೆಲ್ಸ ಸಿಕ್ಕದೆ, ಈಗ ಬಸುರಿ ಅಂದ್ರೆ ಕೈ ಬುಟ್ಟೋಯ್ತದೆ."

"ಡಾಕ್ಟ್ರು ಇವತ್ತಿರ್ತಾರೆ, ನಾಳೆ ಟ್ರಾನ್ಸ್‌ಫರ್ ಆಯ್ತಾರೆ. ರೂಲ್ಸು ಇಲ್ಲೇ ಇರ್ತದೆ ಕಣಮ್ಮಿ."

ಎಂಥ ಗಾಂಭೀರ್ಯ ನನ್ನದು! ಅಷ್ಟಕ್ಕೇ ನಿಲ್ಲಿಸಿದ್ದರೆ—ಇಲ್ಲ, ನಿಲ್ಲಿಸಲಿಲ್ಲ. ಊರವನೆಂಬ ಮರ್ಯಾದೆ ಒಂದುಂಟಲ್ಲ, ಮನೆಯ ಹೆಣ್ಣಿನ ಗುಟ್ಟನ್ನು ಮನೆಯ ಹಿರಿಯನಿಗೆ ಮುಟ್ಟಿಸುವ ಹಾಳು ಮರ್ಯಾದೆ! ನೀನು ಗೇಟು ದಾಟುವ ಮೊದಲೇ ನಿನ್ನ ಮಾವನಿಗೆ ಫೋನು ಮಾಡಿದೆ. ಗುಟ್ಟು ಕಾಯಬೇಕೆಂದೂ ಕಾನೂನು ಹೇಳುತ್ತದೆ. ಅದೂ ಗೊತ್ತಿತ್ತು.

"ಈ ಸಲ ಗಂಡಾದ್ರೂ ಆಯ್ತದೇನೋ, ಬಂದು ಕರ್ಕಂಡೋಗ್ಬುಡಿ," ಎಂದೆ. ಪುಣ್ಯ ಕಟ್ಟಿಕೊಂಡವನಂತೆ ಮಧ್ಯಾಹ್ನ ಹೊಟ್ಟೆ ತುಂಬ ಉಂಡೆ.

ಮಾವ ನಿನ್ನನ್ನು ಮತ್ತೆ ಆಸ್ಪತ್ರೆಯತ್ತ ಸುಳಿಯಲು ಬಿಡಲಿಲ್ಲ. ಮೂರನೆಯದೂ ಹೆಣ್ಣಾಯಿತು. ಆ ಮಗುವಿನ ಮೇಲೆ ಯಾರ ಮುನಿಸೂ ಬೇಡ. ಅದು ಯಾರ ಸಹಿಯನ್ನೂ ಕೇಳಿದ್ದಲ್ಲ. ಫ್ಯಾಕ್ಟರಿಯವರು ಬೇರೆ ಯಾರನ್ನೋ ಸೇರಿಸಿಕೊಂಡರು. ನೀನು ಇವತ್ತಿಗೂ ಚೆಂಡುಹೂವಿನ ಹೊಲದಲ್ಲಿ ಕೂಲಿಗೆ ಬಗ್ಗುತ್ತೀಯೆ. ನನಗೆ ಪೆನ್ಷನ್ ಬರುತ್ತದೆ.

ಟೀವಿಯಲ್ಲಿ ಗರ್ಭಪಾತದ ಕಾನೂನಿನ ಚರ್ಚೆ ಬಂದರೆ ಮೈ ಉರಿಯುತ್ತದೆ. ಹೆಣ್ಣಿನ ಒಡಲಿನ ವಿಷಯದಲ್ಲಿ ಸರ್ಕಾರ ಎಲ್ಲಿಯತನಕ ಬರಬಹುದು ಎಂದು ಕೋಟು ತೊಟ್ಟ ಗಂಡಸರು ಕೂಗಾಡುತ್ತಾರೆ. ಅಯ್ಯಾ ಮಹಾನುಭಾವರೇ, ಸರ್ಕಾರ ಹೊಸಿಲಲ್ಲೇ ನಿಂತಿತ್ತು. ಅದರ ಅಂಗಿ ತೊಟ್ಟು ಒಳಗೆ ನುಗ್ಗಿದವನು ನಾನು! ಒಳ್ಳೆಯ ಕಾನೂನನ್ನು ಕೊಲ್ಲಲು ವಿರೋಧ ಪಕ್ಷ ಬೇಕಿಲ್ಲ, ನನ್ನಂಥ ಒಬ್ಬ ಗುಮಾಸ್ತ ಸಾಕು.

ಮೊನ್ನೆ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ನೀನು ಸಿಕ್ಕೆ. "ಮಂಗಳಾ, ಅವತ್ತು ಆಸ್ಪತ್ರೇಲಿ—" ಎಂದು ಬಾಯಿ ತೆರೆದೆ. ನೀನೇ ಟೀ ಕೊಡಿಸಿ ನನಗೆ ಸಮಾಧಾನ ಹೇಳಿದೆ:

"ಅದ್ಯಾಕಣ್ಣ ಈಗ? ಸರ್ಕಾರದ ರೂಲ್ಸು. ನೀನೇನ್ ಮಾಡೀಯೆ, ಬುಡು."

ಆ ಟೀ ಕುಡಿದೆ. ಸಕ್ಕರೆ ಜಾಸ್ತಿಯಾಯಿತು ಎಂದೂ ಹೇಳಿದೆ. ಹೇಳಬೇಕಾದ್ದನ್ನು ಹೇಳಲಿಲ್ಲ.

ಮಂಗಳಾ ಎಂಬುದು ನಿನ್ನ ಹೆಸರಲ್ಲ; ಈ ಸಲ ಅಷ್ಟು ಗುಟ್ಟನ್ನಾದರೂ ಕಾಯುತ್ತಿದ್ದೇನೆ. ನಾಳೆ ಹೊಲದ ಬದುವಿಗೆ ಬರುತ್ತೇನೆ. ಸರ್ಕಾರವನ್ನು ಜತೆಗೆ ಕರೆತರುವುದಿಲ್ಲ.