ಕರಡಿಗೆಯೊಳಗಿನ ಗಾಳಿ

ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ನೀಲಾಂಬಿಕ ಪೈಪಿನ ಸುರುಳಿಗಳನ್ನು ಒಂದೊಂದಾಗಿ ಅಂಗಡಿಯ ಮುಂದಕ್ಕೆ ಉರುಳಿಸುತ್ತಾರೆ. ಆ ಮಂಗಳವಾರ ಸುರುಳಿಯೊಂದು ಇನ್ನೂ ಕೈಯಲ್ಲಿರುವಾಗಲೇ ಎದುರಿನ ಟ್ರಾವೆಲ್ಸ್‌ನ ಇಶ್ರತ್ ಮೊಬೈಲ್ ಹಿಡಿದು ರಸ್ತೆ ದಾಟಿ ಬಂದರು.

“ನೀಲಕ್ಕ, ಮೂರೂ ಕಡೆಯಿಂದ ಉತ್ತರ ಬಂತು.”

ಶಿಕಾರಿಪುರದಲ್ಲಿ ಪಂಪು, ಪೈಪು ಮಾರುವವರಿಗೆ ವಿದೇಶ ಪ್ರವಾಸ ಹೊಸದಲ್ಲ. ಹೆಚ್ಚು ಮಾರಿದ ಡೀಲರುಗಳನ್ನು ಕಂಪನಿಗಳು ಬ್ಯಾಂಕಾಕಿಗೋ ದುಬೈಗೋ ಕಳಿಸುತ್ತವೆ. ಈ ಸಲ ನೀಲಾಂಬಿಕ ದಂಪತಿಗೆ ಪೈಪಿನ ಕಂಪನಿ ಕೊಟ್ಟಿದ್ದು ಕೆರಿಬಿಯನ್ ದ್ವೀಪಗಳ ಪ್ರವಾಸ. ಮೂರು ರೆಸಾರ್ಟುಗಳಲ್ಲಿ ಒಂದನ್ನು ಡೀಲರೇ ಆರಿಸಬೇಕು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಕ್ಕೆ ಇಳಿಯುವ ಸ್ಕೂಬಾ ಡೈವಿಂಗ್ ಮೂರರಲ್ಲೂ ಇತ್ತು.

ಐವತ್ತೊಂದು ವರ್ಷದ ನೀಲಾಂಬಿಕ ಇಳಿಯಲೇಬೇಕೆಂದಿದ್ದರು. ಸೊರಬ ತಾಲ್ಲೂಕಿನ ಚಂದ್ರಗುತ್ತಿ ಕಡೆಯ ತವರಿನಲ್ಲಿ, ಅಣ್ಣಂದಿರ ಬೆನ್ನು ಹತ್ತಿ ಕೆರೆಯಲ್ಲಿ ಈಜು ಕಲಿತವರು. ಮದುವೆಯಾದ ಮೇಲೆ ಈಜು ನಿಂತಿತ್ತು. ತೊಡಕು ಒಂದೇ. ದೀಕ್ಷೆಯಾದಂದಿನಿಂದ ಅವರ ಕೊರಳಲ್ಲಿ, ಕರಡಿಗೆಯೆಂಬ ಬೆಳ್ಳಿಯ ಡಬ್ಬಿಯೊಳಗಿರುವ ಇಷ್ಟಲಿಂಗ ಪೂಜೆಯ ಹೊತ್ತಿನಲ್ಲಿ ಅಂಗೈಗೆ ಬರುತ್ತದೆಯೇ ಹೊರತು ಮೈಯಿಂದ ಬೇರೆಯಾಗುವುದಿಲ್ಲ. ಹೆರಿಗೆಯಲ್ಲಿ ತೆಗೆದಿಡಿ ಎಂದು ನರ್ಸ್ ಹೇಳಿದಾಗಲೂ ತೋಳಿಗೆ ಕಟ್ಟಿಸಿಕೊಂಡಿದ್ದರು. ಲಿಂಗ ಮೈಮೇಲಿದ್ದರೆ ನೀರಿಗೆ ಇಳಿಸುತ್ತೀರಾ ಎಂದಷ್ಟೇ ಮೂರೂ ರೆಸಾರ್ಟುಗಳನ್ನು ಕೇಳಲು ಅವರು ಇಶ್ರತ್‌ಗೆ ಹೇಳಿದ್ದರು.

ಇಶ್ರತ್‌ಗೆ ಅದು ವಿಚಿತ್ರವೆನಿಸಲಿಲ್ಲ. ಮೆಕ್ಕಾಕ್ಕೆ ಉಮ್ರಾ ಯಾತ್ರಿಗಳನ್ನು ಕಳಿಸುವವರು. “ಯಾತ್ರೇಲಿ ಉಡೋ, ಹೊಲಿಗೆ ಹಾಕದ ಇಹ್ರಾಮಿನ ಬಟ್ಟೆಗೆ ಪಿನ್ ಚುಚ್ಚಬಹುದಾ ಅಂತ ಕೇಳೋರನ್ನ ದಿನಾ ನೋಡ್ತೀನಕ್ಕ, ನಿಮ್ದೇನ್ ಹೆಚ್ಚು” ಎಂದಿದ್ದರು.

ಈಗ ಮೊಬೈಲ್ ನೋಡಿ ಓದಿದರು. “ಮೊದಲನೇದು, ರೂಮಿನ ಲಾಕರಲ್ಲಿ ಇಟ್ಟು ಬನ್ನಿ ಅಂತಾರೆ.”

“ಅದನ್ನ ಬಿಡು.”

“ಎರಡನೇದು, ಏನ್ ಬೇಕಾದ್ರೂ ಹಾಕ್ಕೊಂಡು ಬನ್ನಿ, ತೊಂದ್ರೆ ಇಲ್ಲ ಅಂತಾರೆ.”

ಒಳಗೆ ನಲ್ಲಿಗಳನ್ನು ಜೋಡಿಸುತ್ತಿದ್ದ ಪತಿ ಗುರುಮಲ್ಲಪ್ಪ ಅಲ್ಲಿಂದಲೇ ಹೇಳಿದರು: “ಮುಗೀತಲ್ಲ, ಅದನ್ನೇ ಬುಕ್ ಮಾಡ್ರಿ. ಬಿಳಿ ಮರಳು, ತೆಂಗಿನಮರ. ಸಸ್ಯಾಹಾರ ಬೇರೆ ಐತಿ.”

“ತೆಂಗಿನಮರ ನೋಡೋಕೆ ಅಷ್ಟು ದೂರ ಹೋಗ್ಬೇಕೇನ್ರೀ?” ಎಂದ ನೀಲಾಂಬಿಕ, ಇಶ್ರತ್ ಕಡೆ ತಿರುಗಿದರು. “ಮೂರನೇದು?”

ಮೂರನೆಯದು ಬೊನೇರ್ ದ್ವೀಪದ ಚಿಕ್ಕ ರೆಸಾರ್ಟು. ಕಲ್ಲಿನ ದಡ, ಮರಳಿಲ್ಲ. ಅಲ್ಲಿ ಡೈವಿಂಗ್ ಕಲಿಸುವಾಕೆ ಹೂಂ ಎಂದಾಗಲಿ ಇಲ್ಲ ಎಂದಾಗಲಿ ಹೇಳಿರಲಿಲ್ಲ, ತಿರುಗಿ ಕೇಳಿದ್ದರು: ಅದನ್ನು ಇಡುವ ಡಬ್ಬಿಯೊಳಗೆ ಗಾಳಿ ಇರುತ್ತದೆಯೇ? ಮುಚ್ಚಳ ಎಷ್ಟು ಬಿಗಿ? ಫೋಟೊ ಕಳಿಸಿ.

“ಲಿಂಗದ ಫೋಟೊ ಕೊಡಲ್ಲ. ಕರಡಿಗೇದು ಕೊಡ್ತೀನಿ” ಎಂದರು ನೀಲಾಂಬಿಕ.

ಮರುದಿನದ ಪೂಜೆಯಲ್ಲಿ, ಲಿಂಗ ಅವರ ಎಡ ಅಂಗೈಯಲ್ಲಿದ್ದಾಗ, ಮಣೆಯ ಮೇಲಿದ್ದ ಬರಿದಾದ ಬೆಳ್ಳಿ ಕರಡಿಗೆಯ ಫೋಟೊವನ್ನು ಗುರುಮಲ್ಲಪ್ಪ ತೆಗೆದರು. ಸಂಜೆಯೊಳಗೆ ಉತ್ತರ ಬಂತು. ಬೆಳ್ಳಿ ತೆಳು, ಮುಚ್ಚಳ ತಿರುಪಿನದು. ಒಳಗಿನ ಗಾಳಿ ಹೊರಬರಲಾಗದಿದ್ದರೆ ಆಳದ ನೀರು ಡಬ್ಬಿಯನ್ನು ಅದುಮುತ್ತದೆ; ಸೊಟ್ಟಗಾದರೆ ಮತ್ತೆ ತೆರೆಯದಿರಬಹುದು. ಡಬ್ಬಿಯಿಲ್ಲದೆ ಬಟ್ಟೆಯಲ್ಲಿ ಕಟ್ಟಿ, ಡೈವಿಂಗ್ ಸೂಟಿನೊಳಗೆ ಎದೆಗೆ ಬಿಗಿದುಕೊಂಡರೆ ಕರೆದೊಯ್ಯುತ್ತೇನೆ. ಅಡ್ಡಿಯಾದರೆ ಅರ್ಧಕ್ಕೇ ಮೇಲೆ ಬರುತ್ತೇವೆ. ಡಾಕ್ಟರರ ಸರ್ಟಿಫಿಕೇಟು ಬೇಕು.

“ಇದನ್ನೇ ಬುಕ್ ಮಾಡು” ಎಂದು ನೀಲಾಂಬಿಕ ಇಶ್ರತ್‌ಗೆ ಹೇಳಿದರು.

ಗುರುಮಲ್ಲಪ್ಪನವರಿಗೆ ಸಮಾಧಾನವಾಗಲಿಲ್ಲ. “ಅವ್ರು ತೊಂದ್ರೆ ಇಲ್ಲ ಅಂದ್ರು. ಇವ್ರು ಬರೀ ತೊಂದ್ರೆನೇ ಹೇಳ್ತಾರೆ. ಅಲ್ಲಿಗೇ ಹೋಗ್ತೀನಿ ಅಂತೀಯಲ್ಲ.”

“ಬೋರಿಗೆ ಮೋಟ್ರು ಇಳಿಸೋಕೆ ಬಂದೋನು, ಮೋಟ್ರೊಳಗೆ ನೀರು ತುಂಬಿದೀರಾ ಅಂತ ಕೇಳ್ದೇನೇ ಇಳಿಸೋಕೆ ಹೋದ್ರೆ ನೀವು ಬಿಡ್ತೀರೇನ್ರೀ?”

ಹಾಗೆ ನೀರು ತುಂಬದೆ ಇಳಿಸಿ ಸುಟ್ಟುಹೋದ ಮೋಟರುಗಳು ಅಂಗಡಿಯ ಹಿಂದೆ ಬಿದ್ದಿದ್ದವು. ಗುರುಮಲ್ಲಪ್ಪ ಮಾತನ್ನು ಊಟಕ್ಕೆ ತಿರುಗಿಸಿದರು.

“ಊಟಕ್ಕೇನ್ ಗತಿ ಅಲ್ಲಿ?”

“ಅವಲಕ್ಕಿ ಕಟ್ಕೊಂಡು ಬರ್ರಿ. ನಾನು ಮೇಲೆ ಬರೋವರೆಗೂ ದಡದ ಮೇಲೆ ಕೂತು ತಿನ್ನಿ.”

ಕರಡಿಗೆ ಊರಿನಲ್ಲೇ ಉಳಿಯಲಿದೆ. ಇಶ್ರತ್ ಅವರ ತಾಯಿ ಖುರ್ಷೀದ್ ಬೀ ದಪ್ಪ ಹತ್ತಿ ಬಟ್ಟೆಯಲ್ಲಿ ಎದೆಗೆ ಬಿಗಿಯುವ ಪಟ್ಟಿಯಿರುವ ಪುಟ್ಟ ಚೀಲ ಹೊಲಿಯುತ್ತಿದ್ದಾರೆ. ಬರುವ ಭಾನುವಾರ ನೀಲಾಂಬಿಕ ಲಿಂಗವನ್ನು ಅದರೊಳಗಿಟ್ಟು ಎದೆಗೆ ಕಟ್ಟಿಕೊಂಡು, ಹೇಗಿರುತ್ತದೆಂದು ನೋಡಲು ತವರಿನ ಕೆರೆಗೆ ಇಳಿಯುತ್ತಾರೆ.