ಗೇಟಿನಲ್ಲಿ ಕೋವಿ

ಗ್ರೇಟರ್ ನೋಯ್ಡಾದ ಫ್ಲ್ಯಾಟಿಗೆ ಬಂದ ಮೂರನೆಯ ಬೆಳಿಗ್ಗೆ ಲಿಫ್ಟಿನ ಬಾಗಿಲು ತೆರೆದರೆ, ಒಳಗೆ ಹವಾಯಿ ಚಪ್ಪಲಿ ಮೆಟ್ಟಿದ ಹಿರಿಯರೊಬ್ಬರು ನಿಂತಿದ್ದರು. ಹೆಗಲಲ್ಲಿ ಕೋವಿ! "ಆಯಿಯೇ ಬೇಟಾ, ಜಗಹ್ ಹೈ" ಎಂದು ಜಾಗ ಬಿಟ್ಟು ಪಕ್ಕಕ್ಕೆ ಸರಿದರು. ನಾನು ಮೆಟ್ಟಿಲಿಳಿದೇ ಕಾಲೇಜಿಗೆ ಪಾಠ ಮಾಡಲು ಹೋದೆ.

ಕೋವಿ ನನಗೆ ಹೊಸದಲ್ಲ. ಕೊಡಗಿನ ನಮ್ಮ ಮನೆಯಲ್ಲಿ ಅಜ್ಜನ ಕಾಲದ್ದೊಂದಿದೆ. ಕೈಲ್ ಮುಹೂರ್ತದ ಹಬ್ಬಕ್ಕೆ ಹೂವಿಟ್ಟು ಪೂಜಿಸುತ್ತೇವೆ. ಅಲ್ಲಿ ಯಾರ ಮನೆಯಲ್ಲಿ ಯಾವ ಕೋವಿಯಿದೆಯೆಂದು ಊರಿಗೇ ಗೊತ್ತು. ಇಲ್ಲಿ ಪಕ್ಕದ ಮನೆಯವರ ಹೆಸರೂ ನನಗೆ ಗೊತ್ತಿರಲಿಲ್ಲ.

ಆ ಹಿರಿಯರು ಚೌಧರಿ ಅಂಕಲ್. ನಮ್ಮ ಫ್ಲ್ಯಾಟುಗಳ ಸೊಸೈಟಿಯಲ್ಲಿ ಎರಡು ಕಳ್ಳತನವಾದ ಮೇಲೆ, ಕೋವಿಗೆ ಲೈಸೆನ್ಸ್ ಇದ್ದ ನಾಲ್ಕೈದು ಮಂದಿಯನ್ನು ಸೇರಿಸಿ 'ಪೆಹರಾ', ಅಂದರೆ ಕಾವಲು ಶುರುಮಾಡಿದ್ದರು. ಪೊಲೀಸರು ಬರುವ ತನಕ ಕೈಕಟ್ಟಿ ಕೂರಬೇಕೆ ಎಂಬುದು ಅವರ ವಾದ. ಯಾರನ್ನು ತಡೆಯಬೇಕೆಂದು ತೀರ್ಮಾನಿಸುವವರು ಯಾರು ಎಂದು ಸಭೆಯಲ್ಲಿ ಕೇಳಿದೆ. "ಶಕಲ್ ಸೇ ಪತಾ ಚಲ್ ಜಾತಾ ಹೈ" ಎಂದರು. ಮುಖ ನೋಡಿದರೇ ತಿಳಿಯುತ್ತದಂತೆ. ನನಗೆ ನಂಬಿಕೆ ಬರಲಿಲ್ಲ. ಆದರೆ ಒಂಟಿಯಾಗಿದ್ದ ನಾನೂ ಅಷ್ಟರಲ್ಲಿ ಬಾಗಿಲಾಚೆ ಹೆಜ್ಜೆ ಸಪ್ಪಳವಾದರೆ ಎದ್ದು ಚಿಲಕ ನೋಡತೊಡಗಿದ್ದೆ.

ಜನವರಿಯ ಒಂದು ಮಧ್ಯಾಹ್ನ ಸೊಸೈಟಿಯ ವಾಟ್ಸಾಪ್ ಗುಂಪಿಗೆ ಫೋಟೋ ಬಂತು. ಮಂಕಿ ಕ್ಯಾಪ್, ಮಫ್ಲರ್, ಕೈಯಲ್ಲಿ ಚೀಲ, ಹಿಂದಿನಿಂದ ತೆಗೆದದ್ದು. ಅನುಮಾನಾಸ್ಪದ ವ್ಯಕ್ತಿ, ಹಿಂದಿ ಬರುವುದಿಲ್ಲ ಎಂದು ಕೆಳಗೆ ಬರೆದಿತ್ತು. ಚಿಲಕದ ಜೊತೆ ಸರಪಳಿಯನ್ನೂ ಹಾಕಿಕೊಂಡೆ. ಸ್ವಲ್ಪ ಹೊತ್ತಿಗೆ ಗೇಟಿನಿಂದ ಫೋನ್: "ಮೇಡಂ, ಆಪ್ ಕಾ ನಾಮ್ ಲೇ ರಹೇ ಹೈಂ." ಆ ವ್ಯಕ್ತಿ ನನ್ನ ಹೆಸರು ಹೇಳುತ್ತಿದ್ದಾರಂತೆ.

ಓಡಿದೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ, ಹೇಳದೆ ಕೇಳದೆ ಊರಿಂದ ಹೊರಟು ಬಂದಿದ್ದ ಅಪ್ಪ. ಚೀಲದ ಕಿತ್ತಳೆಗಳೆಲ್ಲ ನೆಲದ ಮೇಲೆ. ಅಪ್ಪನ ಕಣ್ಣು ಚೌಧರಿ ಅಂಕಲ್ ಕೈಯಲ್ಲಿದ್ದ ಕೋವಿಯ ಮೇಲೇ ಇತ್ತು.

"ಟ್ರಿಗರ್ ಮೇಲೆ ಬೆರಳಿಟ್ಟಿದ್ದಾನೆ. ಮೊದಲು ತೆಗೀಲಿಕ್ಕೆ ಹೇಳು."

ಹೇಳಿದೆ. ಅಂಕಲ್ ಬೆರಳು ತೆಗೆದು ನಕ್ಕರು. "ಅರೇ, ಯೇ ತೋ ಅಪ್ನೇ ಹೀ ಆದ್ಮೀ ಹೈಂ!" ನಮ್ಮವರೇ ಅಂತೆ. ಕೊಡಗಿನವರೆಂದು ತಿಳಿದದ್ದೇ, ನಮ್ಮ ಹುಡುಗರಿಗೆ ಗುರಿ ಹಿಡಿಯುವುದು ಕಲಿಸಿಕೊಡಿ ಎಂದರು. ಅಪ್ಪ ಬಗ್ಗಿ ಕಿತ್ತಳೆ ಹೆಕ್ಕಿದರು.

ಮನೆಯಲ್ಲಿ ಕಾಫಿ ಕೊಡುವಾಗ ತಡೆಯಲಾಗಲಿಲ್ಲ. "ಅಪ್ಪ, ನಿಮ್ಮ ಫೋಟೋ ನನಗೂ ಬಂದಿತ್ತು. ಗುರುತು ಸಿಗಲಿಲ್ಲ. ನಾನೂ ಬಾಗಿಲು ಭದ್ರ ಮಾಡ್ಕೊಂಡೆ."

ಅಪ್ಪ ಲೋಟ ಕೆಳಗಿಟ್ಟರು. "ಹಾಗಾದ್ರೆ ನೀನು ಈ ಊರಿನವಳೇ ಆದೆ, ಬಿಡು."

ಗೇಟಿನಲ್ಲಿ ಕೋವಿ ಬೇಡವೆಂದು ಆ ಸಂಜೆಯೇ ಗುಂಪಿನಲ್ಲಿ ಬರೆದೆ. ಕೆಳಮಹಡಿಯಾಕೆಯೊಬ್ಬರದೇ ಉತ್ತರ: "ಆಪ್ ಬಾಹರ್ ಸೇ ಆಯೀ ಹೋ, ನಹೀಂ ಸಮ್‌ಝೋಗೀ." ಹೊರಗಿನವಳು ನೀನು, ನಿನಗೆ ಅರ್ಥವಾಗದು.

"ಏನಂತೆ?" ಅಪ್ಪ ಕೇಳಿದರು.

"ಏನಿಲ್ಲ" ಎಂದೆ.